ಭೀಮೆ ಬರುವ ಸಾಲು

ಕಳೆದ ನವೆಂಬರ್ 1ರ ಬೆಳಿಗ್ಗೆ ಹಾಲು ತರಲು ಹೋಗಿದ್ದೆ. ಕಲಬುರಗಿಯ ನಮ್ಮ ಓಣಿಯ ಆಟೋ ಸ್ಟ್ಯಾಂಡಿನಲ್ಲಿ ಹುಡುಗರು ಹಳದಿ-ಕೆಂಪು ಬಾವುಟ ಕಟ್ಟಿ ದೊಡ್ಡ ಸ್ಪೀಕರ್ ಹಚ್ಚಿದ್ದರು. 'ಉದಯವಾಗಲಿ ನಮ್ಮ ಚೆಲುವ ಕನ್ನಡ ನಾಡು' ಶುರುವಾಯಿತು. ನಾನು ಅಲ್ಲೇ ನಿಂತೆ. ಈ ಹಾಡು ಕಿವಿಗೆ ಬಿದ್ದರೆ ಇವತ್ತಿಗೂ ನನಗೆ ಮುಂದೆ ಹೆಜ್ಜೆ ಇಡಲು ಆಗುವುದಿಲ್ಲ. ಭೀಮೆ ಬರುವ ಸಾಲಿಗೆ ಕಾಯುತ್ತಾ ನಿಂತೆ. ಅದು ಬರಲೇ ಇಲ್ಲ. ಮೊದಲ ನುಡಿ ಮುಗಿಯುತ್ತಿದ್ದಂತೆ ಯಾರೋ ಮೊಬೈಲ್ ಒತ್ತಿದರು, ಬೇರೆ ಹಾಡು ಬಂತು.

ಉಳಿದ ನುಡಿಗಳನ್ನು ಬಾಯಲ್ಲೇ ಹಾಡಿಕೊಳ್ಳುತ್ತಾ ಮನೆಗೆ ಬಂದೆ. 'ಯಾಕ, ಕಣ್ಣು ಕೆಂಪಗಾಗ್ಯಾವಲ್ಲ?' ಅಂದಳು ಹೆಂಡತಿ. 'ಮಾಸ್ತರ್ ನೆನಪಾದರು' ಅಂದೆ. ಅವರು ಹೋಗಿ ಆಗ ಮೂರು ತಿಂಗಳಾಗಿತ್ತು. ತೊಂಬತ್ತು ವಯಸ್ಸು. ತುಂಬು ಬಾಳು ಅಂತ ಎಲ್ಲರೂ ಹೇಳಿದರು. ನನಗೆ ಮಾತ್ರ ಇನ್ನೂ ಸ್ವಲ್ಪ ದಿನ ಇರಬೇಕಿತ್ತು ಅನ್ನಿಸುತ್ತಲೇ ಇದೆ.

ಶಾಲೆಯ ಸಂಚಿಕೆಗೆ ನೆನಪು ಬರೆದುಕೊಡಿ ಅಂದಾಗ ಅದೇ ಹಾಡು ಮುಂದೆ ಬಂದು ನಿಂತಿತು. ಮೂರು ವರ್ಷ ಆ ಶಾಲೆಯಲ್ಲಿ ಓದಿದ್ದರಲ್ಲಿ ಪಾಠ ಯಾವುದೂ ನೆನಪಿಲ್ಲ. ಬೀಜಗಣಿತ ಕಲಿಸಿದವರ ಮುಖ ನೆನಪಿದೆ, ಬೀಜಗಣಿತ ಇಲ್ಲ. ಆದರೆ ಆ ಹಾಡಿನ ಒಂದೊಂದು ಸಾಲಿನ ಜೊತೆಗೂ ಒಂದೊಂದು ದಿನ ಅಂಟಿಕೊಂಡಿದೆ.

1978ರ ಜೂನಿನಲ್ಲಿ ನಾನು ಎಂಟನೇ ಇಯತ್ತೆಗೆ ಸೇರಿದೆ. ಯಾದಗಿರಿ ಆಗ ಗುಲ್ಬರ್ಗಾ ಜಿಲ್ಲೆಯ ಒಂದು ತಾಲ್ಲೂಕು. ನಮ್ಮೂರು ಭೀಮಾ ಹೊಳೆಯ ಆಚೆ. ಪೇಟೆಯಲ್ಲಿ ಒಂದು ಸಣ್ಣ ಖೋಲಿ ಹಿಡಿದು ಮೂವರು ಹುಡುಗರು ಇದ್ದೆವು. ಶನಿವಾರ ಊರಿಗೆ ಹೋಗಿ ವಾರಕ್ಕಾಗುವಷ್ಟು ಕಟಕ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಸಿಕೊಂಡು ಬರುತ್ತಿದ್ದೆವು. ಶಾಲೆಯ ನೆಲ ಶಹಾಬಾದ ಫರಸಿ ಕಲ್ಲು. ಬೇಸಿಗೆಯಲ್ಲಿ ಆ ಕಲ್ಲಿನ ಮೇಲೆ ಅಂಗಾತ ಮಲಗಿದರೆ ಬೆನ್ನು ತಣ್ಣಗಾಗುತ್ತಿತ್ತು. ಕಿಟಕಿಯಲ್ಲಿ ಕೋಟೆ ಗುಡ್ಡ ಕಾಣುತ್ತಿತ್ತು.

ನಮ್ಮ ಮಾಸ್ತರರು ಕನ್ನಡ ಕಲಿಸುತ್ತಿದ್ದರು. ಹಾಡೂ ಅವರದೇ ಜವಾಬ್ದಾರಿ. ಬಿಳಿ ಧೋತರ, ತಲೆಗೆ ಟೊಪ್ಪಿಗೆ, ತೋರುಬೆರಳಿನ ತುದಿಗೆ ಯಾವಾಗಲೂ ಮಸಿ. ಕನ್ನಡದ ಮಾಸ್ತರರಾದರೂ ತಾಳ ಎಣಿಸುವಾಗ ಮಾತ್ರ 'ಏಕ್, ದೋ, ತೀನ್' ಅನ್ನುತ್ತಿದ್ದರು. ನಮಗೆ ಅದು ವಿಚಿತ್ರವಾಗಿ ಕಾಣುತ್ತಿತ್ತು. ಅದರ ಕಾರಣ ಒಮ್ಮೆ ಅವರೇ ಹೇಳಿದರು. 1948ರ ಸೆಪ್ಟೆಂಬರ್ 17ರವರೆಗೆ ನಮ್ಮ ಭಾಗ ನಿಜಾಮರ ಆಳ್ವಿಕೆಯಲ್ಲಿತ್ತಲ್ಲ. ಅವರು ಓದಿದ್ದೆಲ್ಲ ಉರ್ದುವಿನಲ್ಲಿ. ಮಗ್ಗಿ ಉರ್ದು, ಭೂಗೋಳ ಉರ್ದು. ಕನ್ನಡ ಅಕ್ಷರ ಕಲಿತದ್ದು ಅಜ್ಜನ ಹತ್ತಿರ. ಅಜ್ಜ ಭಜನೆಯವರು. ಕಡಕೋಳ ಮಡಿವಾಳಪ್ಪನವರ ತತ್ವಪದಗಳನ್ನು ಕೈಯಲ್ಲಿ ಬರೆದಿಟ್ಟುಕೊಂಡ ಒಂದು ವಹಿ ಅವರ ಹತ್ತಿರ ಇತ್ತು. ರಾತ್ರಿ ಚಿಮಣಿ ಬುಡ್ಡಿ ಮುಂದೆ ಮೊಮ್ಮಗನ ಬೆರಳು ಹಿಡಿದು ಆ ವಹಿಯ ಅಕ್ಷರದ ಮೇಲೆ ಆಡಿಸುತ್ತಿದ್ದರಂತೆ. 'ಕನ್ನಡ ನನಗ ಸಾಲ್ಯಾಗ ಸಿಗಲಿಲ್ಲ, ಭಜನಿಯೊಳಗ ಸಿಕ್ತು' ಅಂತ ಮಾಸ್ತರರು ಹೇಳುತ್ತಿದ್ದರು.

ಅದರ ಸಿಟ್ಟು ಅವರಿಗೆ ಉರ್ದುವಿನ ಮೇಲೆ ಒಂದಿಷ್ಟೂ ಇರಲಿಲ್ಲ. ಸಂಜೆ ಶಾಲೆ ಬಿಟ್ಟ ಮೇಲೆ ಹಿಂದಿ ಮಾಸ್ತರರೂ ಇವರೂ ಬೇವಿನ ಗಿಡದ ಕೆಳಗೆ ಕೂತು ಶಾಯರಿ ಹೇಳಿಕೊಳ್ಳುತ್ತಿದ್ದರು. ನಮಗೆ ಅರ್ಥವಾಗುತ್ತಿದ್ದದ್ದು 'ವಾಹ್ ವಾಹ್' ಅಷ್ಟೇ. ಇಬ್ಬರು ದೊಡ್ಡವರು ಪದಗಳಿಗೆ ಅಷ್ಟು ಖುಷಿಪಡುವುದನ್ನು ನಾನು ಬೇರೆಲ್ಲೂ ನೋಡಿಲ್ಲ.

'ಉದಯವಾಗಲಿ' ಕಲಿಸಲು ಅವರು ಮೂರು ವಾರ ತೆಗೆದುಕೊಂಡರು. ದಿನಕ್ಕೆ ಒಂದೋ ಎರಡೋ ಸಾಲು. ಸಾಲು ಎಲ್ಲಿಂದ ಬಂತು ಅಂತ ತಿಳಿಯದೆ ಹಾಡಬಾರದು ಅನ್ನುವುದು ಅವರ ನಿಯಮ. ಗದಗದ ಹುಯಿಲಗೋಳ ನಾರಾಯಣರಾಯರು ಬರೆದ ಹಾಡು. ಗಾಂಧೀಜಿ ಅಧ್ಯಕ್ಷರಾಗಿದ್ದ 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಹಾಡಿದ್ದು. ಹಾಡಿನಲ್ಲಿ ಮಿತಾಕ್ಷರ ಅನ್ನುವ ಮಾತು ಬರುತ್ತದೆ. ನಾವು ಅದನ್ನು ಸುಮ್ನೆ ಉಚ್ಚರಿಸಿ ಮುಂದೆ ಹೋಗುತ್ತಿದ್ದೆವು. ಮಾಸ್ತರರು ನಿಲ್ಲಿಸಿದರು. ಅದು ವಿಜ್ಞಾನೇಶ್ವರ ಬರೆದ ಗ್ರಂಥ, ಅವನಿದ್ದದ್ದು ಚಾಲುಕ್ಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ, ಅಣ್ಣತಮ್ಮಂದಿರ ಆಸ್ತಿ ಪಾಲಿಗೆ ಕೋರ್ಟಿನಲ್ಲಿ ಇಂದಿಗೂ ಅದರ ಹೆಸರು ಬರುತ್ತದೆ ಅಂದರು. 'ಕಲ್ಯಾಣ ಅಂದ್ರ ಎಲ್ಲೋ ದೂರ ತಿಳೀಬ್ಯಾಡ್ರಿ. ನಮ್ಮ ಬೀದರ ಕಡಿ ಬಸವಕಲ್ಯಾಣ.'

ಆಮೇಲೆ ಆ ಸಾಲು ಬಂತು. 'ಪಾವನೆಯರಾ ಕೃಷ್ಣೆ ಭೀಮೆಯರ ತಾಯ್ನಾಡು.'

'ಭೀಮಿ ನೀರು ಕುಡದವರು ಕೈ ಎತ್ರಿ' ಅಂದರು. ಇಡೀ ತರಗತಿ ಕೈ ಎತ್ತಿತು. ಅವರು ಸ್ವಲ್ಪ ಹೊತ್ತು ಆ ಕೈಗಳನ್ನು ನೋಡುತ್ತಾ ನಿಂತರು. ಆಮೇಲೆ ಹೇಳಿದರು: ಹಾಡು ಕಟ್ಟಿದ ಗದಗ ಆಗ ಬ್ರಿಟಿಷರ ಮುಂಬೈ ಪ್ರಾಂತ್ಯದಲ್ಲಿತ್ತು. ನಮ್ಮೂರ ಮುಂದೆ ಹರಿಯುವ ಭೀಮೆ ನಿಜಾಮರ ಸೀಮೆಯಲ್ಲಿತ್ತು. ಆ ಕವಿ ಮತ್ತು ನಾವು ಒಂದೇ ರಾಜ್ಯವಾಗಲು ಇನ್ನೂ 32 ವರ್ಷ ಬೇಕಿತ್ತು. 'ಆದರೂ ನಮ್ಮ ಹೊಳಿ ಮರೀಲಿಲ್ಲ ನೋಡ್ರಿ ಅವರು. ನಾವು ಅತ್ತ ಉರ್ದು ಮಗ್ಗಿ ಹೇಳ್ಕೋತ ಕೂತಾಗ, ಇತ್ತ ಯಾರೋ ನಮ್ಮನ್ನ ಹಾಡಿನ್ಯಾಗ ಸೇರಿಸ್ಕೊಂಡಿದ್ರು.'

ಅವರು ಓದುವ ವಯಸ್ಸಿನಲ್ಲಿ ಈ ಹಾಡು ಹೊಳೆಯ ಆ ದಂಡೆಯಿಂದ ಈ ದಂಡೆಗೆ ಬಂದಿರಲಿಲ್ಲ. ನಮಗೆ ಕಲಿಸುವಾಗ ಅವರ ದನಿ ಯಾಕೆ ಆ ಸಾಲಿನಲ್ಲಿ ತೆಳ್ಳಗಾಗುತ್ತಿತ್ತು ಅಂತ ನನಗೆ ತಿಳಿದದ್ದು ನಲವತ್ತು ದಾಟಿದ ಮೇಲೆ.

ಇನ್ನು ಹಾರ್ಮೋನಿಯಂನ ಕತೆ. ಅದನ್ನು ಬರೆಯದಿದ್ದರೆ ನನ್ನ ಗೆಳೆಯರಿಬ್ಬರೂ ಬಿಡುವುದಿಲ್ಲ.

1979ರ ರಾಜ್ಯೋತ್ಸವಕ್ಕೆ ಮುಂಚೆ ಹದಿನೈದು ದಿನ ಸಂಜೆ ಸಂಜೆ ಹಾಡಿನ ತಾಲೀಮು. ನಮ್ಮ ಕಬಡ್ಡಿ ಪೂರ್ತಿ ನಿಂತುಹೋಯಿತು. ಆ ಸಿಟ್ಟಿಗೆ ಮೂವರು ಸೇರಿ ಹಿಂದಿನ ದಿನ ಹಾರ್ಮೋನಿಯಂಗೆ ಕೈ ಹಾಕಿದೆವು. ಯೋಚನೆ ನನ್ನದೇ. ಒಂದು ಕರಿ ಪಟ್ಟಿ ಒತ್ತಿ ಹಿಡಿದು, ಪಕ್ಕದ ಸಂದಿಗೆ ಬೆಂಕಿಕಡ್ಡಿ ತುರುಕಿ, ಮೇಲಿನ ತುಂಡು ಮುರಿದುಬಿಟ್ಟೆ. ಪಟ್ಟಿ ಮೇಲೇಳದೆ ಹಾಗೇ ಕೂತಿತು.

ಮರುದಿನ ವೇದಿಕೆಯ ಮೇಲೆ ಊರಿನ ಹಿರಿಯರು, ಎದುರಿಗೆ ಇಡೀ ಶಾಲೆ. ಮಾಸ್ತರರು ಭಾತಿ ಎಳೆದದ್ದೇ ತಡ, ಕೈ ಇಡುವ ಮೊದಲೇ ಹಾರ್ಮೋನಿಯಂ ಕುಂಯ್ ಅಂತ ಕೂಗತೊಡಗಿತು. ಮಕ್ಕಳು ನಕ್ಕರು. ಅವರು ಬಗ್ಗಿ ನೋಡಿದರು. ಪಟ್ಟಿಗಳ ಮೇಲೆ ಬೆರಳು ಸವರಿ, ಸಿಕ್ಕಿಬಿದ್ದದ್ದನ್ನು ಹುಡುಕಿ, ಉಗುರಿನಿಂದ ಎಬ್ಬಿಸಲು ನೋಡಿದರು. ಬರಲಿಲ್ಲ. ಒಂದು ಗಳಿಗೆ ಸುಮ್ಮನೆ ಕೂತರು. ಆಮೇಲೆ ನಮ್ಮ ಕಡೆ ತಿರುಗಿ, 'ಇವತ್ತು ಇದೇ ಷಡ್ಜ. ಕರಿ ನಾಲ್ಕಕ್ಕ ಎತ್ರಿ' ಅಂದರು.

ಷಡ್ಜ ಅಂದರೆ ಹಾಡು ನಿಲ್ಲುವ ಮೂಲ ಸುರ, 'ಸ'. ದಿನಾ ನಾವು ಹಾಡುತ್ತಿದ್ದದ್ದು ಕರಿ ಒಂದಕ್ಕೆ, ಅಂದರೆ ಮೊದಲನೇ ಕರಿ ಪಟ್ಟಿಯ ಸುರಕ್ಕೆ. ನಾಲ್ಕು ಅಂದರೆ ತುಂಬಾ ಮೇಲೆ. ಒಂಬತ್ತನೇ ಇಯತ್ತೆಯ ನಮ್ಮ ದನಿಗಳು ಆಗತಾನೇ ಒಡೆದಿದ್ದವು. ಎರಡನೇ ಸಾಲಿಗೇ ಹುಡುಗರೆಲ್ಲ ನಿಂತರು. ಹುಡುಗಿಯರು ನಿಲ್ಲಲಿಲ್ಲ. ಅವರನ್ನು ಯಾವಾಗಲೂ ನಮ್ಮ ಹಿಂದೆ ನಿಲ್ಲಿಸುತ್ತಿದ್ದರು, ಅವರ ದನಿ ಯಾರಿಗೂ ಕೇಳುತ್ತಿರಲಿಲ್ಲ. ಅವತ್ತು ಹಿಂದಿನ ಸಾಲಿನಿಂದ ಬಳೆಗಾರರ ಮಗಳು ಎತ್ತಿದಳು. ಉಳಿದ ಎಂಟು ಹುಡುಗಿಯರು ಸೇರಿದರು. ನಾನು ತುರುಕಿದ ಕಡ್ಡಿಯ ಆ ಒಂದೇ ಸುರ ಕೆಳಗೆ ತಂಬೂರಿಯ ಹಾಗೆ ನಡೆದಿತ್ತು. ಮೇಲೆ ಆ ಹುಡುಗಿಯರ ದನಿ. ಭೀಮೆಯ ಸಾಲು ಬಂದಾಗ ನನ್ನ ಮೈ ಮೇಲೆ ಮುಳ್ಳು ಎದ್ದವು. ನಗುತ್ತಿದ್ದ ಮಕ್ಕಳು ಯಾವಾಗ ಸುಮ್ಮನಾದರೋ ಗೊತ್ತಾಗಲಿಲ್ಲ.

ಮರುದಿನದಿಂದ ಪ್ರಾರ್ಥನೆಗೆ ಹುಡುಗಿಯರು ಮುಂದೆ, ನಾವು ಹಿಂದೆ. ನಾನು ಶಾಲೆ ಬಿಡುವವರೆಗೂ ಹಾಗೇ ಇತ್ತು.

ಗಣಿತದ ಮಾಸ್ತರರು ಬೆತ್ತ ಹಿಡಿದು ಎಲ್ಲ ತರಗತಿ ಸುತ್ತಿದರು. ನಮ್ಮ ಮಾಸ್ತರರು ಅವರನ್ನು ತಡೆದು, 'ಕಡ್ಡಿ ಇಟ್ಟವರೇ ಬಂದು ತಗೀಲಿ' ಅಂದರಂತೆ. ಸಂಜೆ ನಾವು ಮೂವರೂ ಹೋಗಿ ನಿಂತೆವು. ಅವರು ಬೈಯಲಿಲ್ಲ. ಕೂಡಿಸಿಕೊಂಡು ಹಾರ್ಮೋನಿಯಂನ ಮುಚ್ಚಳ ಬಿಚ್ಚಿದರು. ಒಳಗೆ ಸಾಲಾಗಿ ಹಿತ್ತಾಳೆಯ ನಾಲಿಗೆಗಳು, ಉದ್ದದಿಂದ ಗಿಡ್ಡಕ್ಕೆ. ಪಟ್ಟಿ ಒತ್ತಿದರೆ ಕಿಂಡಿ ತೆರೆಯುತ್ತದೆ, ಗಾಳಿ ನುಗ್ಗುತ್ತದೆ, ನಾಲಿಗೆ ನಡುಗುತ್ತದೆ, ಅದೇ ಸುರ. ಉದ್ದ ನಾಲಿಗೆಗೆ ದಪ್ಪ ದನಿ, ಗಿಡ್ಡದಕ್ಕೆ ಸಣ್ಣ ದನಿ. ದಬ್ಬಣದ ಮೊನೆಯಿಂದ ಕಡ್ಡಿ ತೆಗೆಯುವ ಕೆಲಸ ನನಗೇ ಕೊಟ್ಟರು. ಒಂದು ಯಂತ್ರದ ಒಳಗನ್ನು ನಾನು ಮೊದಲು ಕಂಡದ್ದು ಅವತ್ತು. ಕೈ ನಡುಗದೆ ತೆಗೆದೆ. 'ಕೈ ಛಲೋ ಅದ ನಿಂದು' ಅಂದರು. ನನ್ನ ಕೈಯನ್ನು ಯಾರಾದರೂ ಮೆಚ್ಚಿದ್ದು ಅದೇ ಮೊದಲು.

ಅಷ್ಟರಲ್ಲಿ ಕರೆಂಟ್ ಹೋಯಿತು. ಕಂದೀಲು ಹಚ್ಚಿದರು. ನನಗೆ ಬಹಳ ದಿನದಿಂದ ಒಂದು ಪ್ರಶ್ನೆ ಇತ್ತು. ಧೈರ್ಯ ಮಾಡಿ ಕೇಳಿದೆ. 'ಸರ, 1956ರಾಗ ನಾಡು ಒಂದಾಗಿ ಮುಗೀತಲ್ರೀ. ಇನ್ನೂ ಯಾಕ್ರೀ ಉದಯವಾಗಲಿ ಅಂತೀವಿ?'

ಅವರು ಕಂದೀಲಿನ ಬತ್ತಿ ಏರಿಸುತ್ತಾ ಕೇಳಿದರು. 'ನಿಮ್ಮೂರಿಗೆ ಕರೆಂಟ್ ಬಂದದೇನೋ ತಮ್ಮಾ?'

'ಇಲ್ರೀ.'

'ಹಂಗಾದ್ರ ಹಾಡು.'

ಮುಂದೆ ನಾನು ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಿಕಲ್ ಓದಿದೆ. 1983ರಲ್ಲಿ ನಮ್ಮೂರಿಗೆ ಕರೆಂಟ್ ಬಂದಾಗ ಮಾಸ್ತರರಿಗೆ ಒಂದು ಕಾರ್ಡ್ ಬರೆದೆ. ವಾರದೊಳಗೆ ಉತ್ತರ ಬಂತು. ಆಶೀರ್ವಾದದ ಕೆಳಗೆ ಒಂದೇ ಸಾಲು: 'ಪಕ್ಕದ ಊರಿಗೆ ಬಂದದೇನು?' ಬಂದಿರಲಿಲ್ಲ. ಐದು ವರ್ಷದ ಮೇಲೆ ನನಗೆ ಕೆಇಬಿಯಲ್ಲಿ ಕೆಲಸ ಸಿಕ್ಕಿತು. 37 ವರ್ಷ ಕಂಬ, ತಂತಿ, ಟ್ರಾನ್ಸ್‌ಫಾರ್ಮರ್ ಜೊತೆಗೇ ಬಾಳಿದೆ. ರಾತ್ರಿ ಹನ್ನೆರಡಕ್ಕೆ ಕರೆದರೂ ಹೋಗಿದ್ದೇನೆ. ಎಷ್ಟೋ ತಾಂಡಾಗಳಿಗೆ ಮೊದಲ ಲೈನ್ ಎಳೆದ ತಂಡದಲ್ಲಿ ನಾನಿದ್ದೆ ಅನ್ನುವುದು ನನಗೆ ಇವತ್ತಿಗೂ ಹೆಮ್ಮೆ. ಹೊಸ ಊರಿನಲ್ಲಿ ದೀಪ ಹತ್ತಿದಾಗಲೆಲ್ಲ ಊರ ಹೆಸರು ಬರೆದು ಮಾಸ್ತರರಿಗೆ ಒಂದು ಕಾರ್ಡ್ ಹಾಕುತ್ತಿದ್ದೆ. ಆಮೇಲೆ ಆಮೇಲೆ ಅವರು ಉತ್ತರ ಬರೆಯುವುದು ನಿಂತಿತು. ಕಣ್ಣು ಮಂಜಾಗಿತ್ತು.

ನಿವೃತ್ತಿಯಾದ ಮೇಲೆ ಒಂದೆರಡು ಶಾಲೆಗಳ ಕಾರ್ಯಕ್ರಮಕ್ಕೆ ನನ್ನನ್ನು ಕರೆದಿದ್ದರು. ಮಕ್ಕಳು ಚೆಂದವಾಗಿ ಕುಣಿದರು, ಬಟ್ಟೆಬರೆಯೂ ಚೆಂದ. ಹಾಡು ಮಾತ್ರ ಪೆನ್‌ಡ್ರೈವಿನದು. ಮಕ್ಕಳು ತುಟಿ ಅಲ್ಲಾಡಿಸುತ್ತಿದ್ದರು ಅಷ್ಟೇ. ಸಂಗೀತಕ್ಕೆ ಅಂತ ಪೀರಿಯಡ್ ಇಲ್ಲವೇ ಅಂತ ಕೇಳಿದೆ. ಸಿಲೆಬಸ್ ಮುಗಿಸುವುದೇ ಜಾಸ್ತಿ ಆಗಿದೆ ಸರ್ ಅಂದರು ಅಲ್ಲಿನ ಟೀಚರ್. ಅವರನ್ನು ನಾನು ದೂರುವುದಿಲ್ಲ. 2004ರಲ್ಲಿ 'ಜಯ ಭಾರತ ಜನನಿಯ ತನುಜಾತೆ' ನಾಡಗೀತೆಯಾಯಿತು, ಅದನ್ನು ಎಲ್ಲ ಮಕ್ಕಳೂ ಹಾಡುತ್ತಾರೆ, ಒಳ್ಳೆಯದೇ. ಆದರೆ ನಮ್ಮ ಹೊಳೆ ಇರುವ ಹಾಡು ನಮ್ಮ ಹೊಳೆ ದಂಡೆಯ ಮಕ್ಕಳಿಗೇ ಬರುವುದಿಲ್ಲ ಅಂದರೆ ಹೊಟ್ಟೆ ಉರಿಯುತ್ತದೆ ಅಲ್ವಾ? ಮೂರು ವಾರ ಬೇಕಾಗಿಲ್ಲ. ಮೂರು ದಿನ ಕೊಟ್ಟರೂ ಸಾಕು. ಯಾರಾದರೂ ಕರೆದರೆ ನಾನೇ ಬಂದು ಕಲಿಸಿ ಹೋಗುತ್ತೇನೆ.

ಡಿಸೆಂಬರಿನಲ್ಲಿ ಮಾಸ್ತರರ ಮನೆಗೆ ಹೋಗಿದ್ದೆ. ಅವರ ಮಗ ಹಾಡಿನ ವಹಿ ತಂದು ಕೈಗೆ ಕೊಟ್ಟರು. ಹಾಳೆ ಕಂದಿದ್ದವು, ಹೊಲಿಗೆ ಬಿಚ್ಚಿತ್ತು. ಹಾಡುಗಳು ಕನ್ನಡದಲ್ಲಿ, ಎಡದಿಂದ ಬಲಕ್ಕೆ. ಬದಿಯಲ್ಲಿ ತಾಳದ ಗುರುತು, ತಮಗೆ ತಾವು ಹೇಳಿಕೊಂಡ ಮಾತು ಉರ್ದುವಿನಲ್ಲಿ, ಬಲದಿಂದ ಎಡಕ್ಕೆ. ಎರಡೂ ಹಾಳೆಯ ನಡುವೆ ಬಂದು ಒಂದಕ್ಕೊಂದು ತಾಗಿಕೊಂಡಿದ್ದವು. 'ಉದಯವಾಗಲಿ' ಇದ್ದ ಹಾಳೆಯಲ್ಲಿ ಉರ್ದು ಬರಹ ಬಹಳ ಇತ್ತು. ಬೇರೆ ಬೇರೆ ಮಸಿ, ಬೇರೆ ಬೇರೆ ಕಾಲದ್ದು. ಕೊನೆಯ ಸಾಲುಗಳು ನಡುಗುವ ಕೈಯವು. ನನಗೆ ಉರ್ದು ಓದಲು ಬರುವುದಿಲ್ಲ. ಪಕ್ಕದ ಮನೆಯ ಅಜ್ಜ ಕನ್ನಡಕ ಹಾಕಿಕೊಂಡು ಒಂದೊಂದಾಗಿ ಓದಿದರು. ಮೊದಲು ನಮ್ಮೂರ ಹೆಸರು. ಆಮೇಲೆ ಪಕ್ಕದ ಊರು. ಆಮೇಲೆ ನಾನು ಕಾರ್ಡಿನಲ್ಲಿ ಬರೆದ ಊರುಗಳು, ತಾಂಡಾಗಳು.

ಸಂಕ್ರಾಂತಿಯ ಮರುವಾರ ನಮ್ಮ ಬ್ಯಾಚಿನವರೆಲ್ಲ ಶಾಲೆಯಲ್ಲಿ ಸೇರಿದೆವು. ಮಾಸ್ತರರಿಗೆ ಮಾಡಬೇಕೆಂದಿದ್ದ ಗುರುವಂದನೆ, ಅವರ ಫೋಟೋಕ್ಕೆ ಹಾರ ಹಾಕಿ ಮಾಡಬೇಕಾಯಿತು. ಬಳೆಗಾರರ ಮಗಳೂ ಬಂದಿದ್ದಳು. ನರ್ಸ್ ಆಗಿ ಊರೂರು ತಿರುಗಿ ನಿವೃತ್ತಿಯಾಗಿದ್ದಾಳೆ. ಮೊಮ್ಮಕ್ಕಳಿದ್ದಾರೆ. ಯಾರೋ ಒಂದು ಹಾರ್ಮೋನಿಯಂ ತಂದಿದ್ದರು. ನುಡಿಸುವವರು ಕರಿ ಒಂದಕ್ಕೆ ಕೈ ಇಟ್ಟರು.

'ನಾಲ್ಕಕ್ಕ ಹಚ್ರಿ' ಅಂದಳು ಅವಳು.

ನಾವು ಗಂಡಸರು ಎದ್ದು ಹಿಂದೆ ಹೋಗಿ ನಿಂತೆವು.