ಹಳಿ ತುಂಡಿನ ಲೆಕ್ಕ

ನಮ್ಮ ಲೆಕ್ಕದ ಮೇಷ್ಟ್ರು ತೀರಿಕೊಂಡ ಸುದ್ದಿ ಬಂದಾಗ ರಾತ್ರಿ ಹತ್ತು ಗಂಟೆ. 1981ರ ಎಸ್ಸೆಸ್ಸೆಲ್ಸಿ ಬ್ಯಾಚಿನ ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ಎರಡೇ ಸಾಲು ಹಾಕಿದ್ದರು. 87 ವರ್ಷ ಆಗಿತ್ತಂತೆ. ಮಲಗಿದ್ದಲ್ಲೇ ಹೋದರಂತೆ. ಭದ್ರಾವತಿಯಲ್ಲಿ ಬೆಳೆದವರಿಗೆ ರಾತ್ರಿ ಹತ್ತು ಅಂದರೆ ಕಾರ್ಖಾನೆಯ ಸೈರನ್. ನಾನು ಬೆಂಗಳೂರಿಗೆ ಬಂದು ನಲವತ್ತು ವರ್ಷ ದಾಟಿದೆ. ಆದರೂ ಅವತ್ತು ಫೋನ್ ಕೆಳಗಿಟ್ಟು ಸುಮ್ನೆ ಕೂತಾಗ ಕಿವಿ ಆ ಸದ್ದಿಗೇ ಕಾಯುತ್ತಿತ್ತು.

ಶಾಲೆಯ ಸಂಚಿಕೆಗೆ ಏನಾದರೂ ಬರೆದುಕೊಡಿ ಅಂತ ಹೆಡ್‌ಮೇಡಂ ಕೇಳಿ ಎರಡು ವರ್ಷವಾಯಿತು. ಕೆಲಸ ಇದೆ, ಆಮೇಲೆ ಬರೆದರಾಯಿತು ಅಂತ ಮುಂದೆ ಹಾಕುತ್ತಾ ಬಂದೆ. ಮೇಷ್ಟ್ರು ಇದ್ದಾಗಲೇ ಬರೆದು ಅವರ ಕೈಗೆ ಕೊಡಬೇಕಿತ್ತು. ಆ ನೋವು ಇದೆ.

ನಮ್ಮ ಊರಿನಲ್ಲಿ ಆಗ ಗಡಿಯಾರ ನೋಡುವವರೇ ಕಡಿಮೆ. ಬೆಳಗ್ಗೆ ಆರಕ್ಕೆ, ಮಧ್ಯಾಹ್ನ ಎರಡಕ್ಕೆ, ರಾತ್ರಿ ಹತ್ತಕ್ಕೆ ಸೈರನ್ ಕೂಗುತ್ತಿತ್ತು. ಅಮ್ಮ ಅನ್ನಕ್ಕಿಡುತ್ತಿದ್ದದ್ದೂ ಅದರ ಲೆಕ್ಕದಲ್ಲೇ. ಅಪ್ಪ ನೈಟ್ ಶಿಫ್ಟ್ ಮುಗಿಸಿ ಮಲಗಿದ ದಿನ ಕ್ವಾರ್ಟರ್ಸಿನ ಹಿಂಬಾಗಿಲಿನಲ್ಲೇ ನಮ್ಮ ಓಡಾಟ. ಒಂದು ಪಾತ್ರೆ ಬಿದ್ದರೂ ಅಮ್ಮನ ಕಣ್ಣು ಕೆಂಪಾಗುತ್ತಿತ್ತು. ಒಗೆದು ಹಾಕಿದ ಬಿಳಿ ಅಂಗಿಯ ಮೇಲೆ ಸಂಜೆ ಹೊತ್ತಿಗೆ ಕಪ್ಪು ಪುಡಿ ಕೂತಿರುತ್ತಿತ್ತು. ಅದನ್ನು ಕೊಡವದೆ ಊದಬೇಕು. ಕೊಡವಿದರೆ ಬಟ್ಟೆಗೆ ಹತ್ತುತ್ತೆ. ಈ ಊದುವ ವಿದ್ಯೆ ನಮ್ಮ ಊರಿನ ಮಕ್ಕಳಿಗೆಲ್ಲ ಗೊತ್ತಿತ್ತು.

1923ರಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾದ ಮೇಲೆ ಎಲ್ಲೆಲ್ಲಿಂದಲೋ ಜನ ಬಂದು ಸೇರಿದ ಊರು ಇದು. 1936ರಲ್ಲಿ ಪೇಪರ್ ಮಿಲ್ ಕಂಪನಿಯೂ ಹುಟ್ಟಿತು, ಇನ್ನಷ್ಟು ಜನ ಬಂದರು. ನನ್ನ ಬೆಂಚಿನಲ್ಲಿ ನಾವು ಮೂವರು. ಒಬ್ಬನ ಮನೆಯಲ್ಲಿ ತಮಿಳು, ಇನ್ನೊಬ್ಬನ ಮನೆಯಲ್ಲಿ ಉರ್ದು, ನಮ್ಮ ಮನೆಯಲ್ಲಿ ಕನ್ನಡ. ಹಿಂದಿನ ಬೆಂಚಿನಲ್ಲಿ ತೆಲುಗು, ಮಲಯಾಳಂ. ಕನ್ನಡ ಮೇಷ್ಟ್ರಿಗೆ ಇದು ಕಷ್ಟ ಅಂತ ಅನ್ನಿಸಲೇ ಇಲ್ಲ. ವಾರಕ್ಕೊಮ್ಮೆ ಒಬ್ಬೊಬ್ಬರನ್ನೇ ಎಬ್ಬಿಸಿ, ‘ನಿಮ್ಮಜ್ಜಿ ಹೇಳೋ ಗಾದೆ ಒಂದು ಹೇಳಪ್ಪ’ ಅನ್ನುತ್ತಿದ್ದರು. ಆ ಗಾದೆಗೆ ಕನ್ನಡದಲ್ಲಿ ಜೋಡಿ ಹುಡುಕುವುದು ಉಳಿದವರ ಕೆಲಸ. ಭದ್ರಾವತಿಗೆ ಹಿಂದೆ ಬೆಂಕಿಪುರ ಅಂತ ಹೆಸರಿತ್ತು. ಕುಲುಮೆಯ ಬೆಂಕಿಯಿಂದ ಬಂದ ಹೆಸರು ಅಂತ ನಾವೆಲ್ಲ ನಂಬಿದ್ದೆವು. ‘ಕಾರ್ಖಾನೆಗಿಂತ ಹೆಸರೇ ಹಳೇದು ಕಣ್ರೋ’ ಅಂತ ತಿದ್ದಿದವರೂ ಅವರೇ. ಬೆಂಚಿನಲ್ಲಿದ್ದ ತಮಿಳು ಮನೆಯ ಗೆಳೆಯ ಈಗ ಕೊಯಮತ್ತೂರಿನಲ್ಲಿದ್ದಾನೆ. ನಮ್ಮ ಗ್ರೂಪಿನಲ್ಲಿ ಒಂದೂ ಕಾಗುಣಿತ ತಪ್ಪದೆ ಕನ್ನಡ ಬರೆಯುವವನು ಇವತ್ತಿಗೂ ಅವನೊಬ್ಬನೇ.

ಲೆಕ್ಕದ ಮೇಷ್ಟ್ರ ವಿಷಯಕ್ಕೆ ಬರುತ್ತೇನೆ. ಸಣಕಲು ಆಳು. ಸೈಕಲ್ಲಿನ ಕ್ಯಾರಿಯರ್‌ಗೆ ಮರದ ದೊಡ್ಡ ಕೈವಾರ ಕಟ್ಟಿಕೊಂಡು ಬರುತ್ತಿದ್ದರು. ಸೀಮೆಸುಣ್ಣದ ಚೂರುಗಳನ್ನು ನಶ್ಯದ ಡಬ್ಬಿಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಉಗುರಿನಷ್ಟು ಉಳಿದರೂ ಬಿಸಾಡುತ್ತಿರಲಿಲ್ಲ. ಬೋರ್ಡಿನ ಮೇಲೆ ಬರೆಯುವಾಗ ಸುಣ್ಣ ಕಾಣುತ್ತಲೇ ಇರಲಿಲ್ಲ, ಬೆರಳಿನಿಂದಲೇ ಅಂಕಿ ಇಳಿಯುತ್ತಿದೆಯೇನೋ ಅನ್ನಿಸುತ್ತಿತ್ತು. ನಮ್ಮ ಕ್ಲಾಸಿಗೆ ಶೀಟಿನ ಮಾಡು. ಜುಲೈ ಮಳೆ ಹಿಡಿಯಿತೆಂದರೆ ಪಕ್ಕದವನ ಮಾತೂ ಕೇಳದು. ಬೇರೆ ಮೇಷ್ಟ್ರುಗಳು ಆ ಪೀರಿಯಡ್ ಬಿಟ್ಟುಕೊಡುತ್ತಿದ್ದರು. ಇವರು ಒಂದೂ ಮಾತಾಡದೆ ಬೋರ್ಡ್ ತುಂಬ ಲೆಕ್ಕ ಬರೆದು, ಬೆಂಚುಗಳ ನಡುವೆ ಓಡಾಡುತ್ತಾ, ತಪ್ಪಿದ ಕಡೆ ಬೆರಳಿಟ್ಟು ಹೋಗುತ್ತಿದ್ದರು. ಬೆರಳು ಎತ್ತಿದ ಜಾಗದಲ್ಲಿ ಸುಣ್ಣದ ಗುರುತು ಇರುತ್ತಿತ್ತು. ಆ ಗುರುತು ನೋಡಿಕೊಂಡು ನಾವು ತಿದ್ದಿಕೊಳ್ಳಬೇಕು.

ಪುಸ್ತಕದಲ್ಲಿ ಯಾವ ಲೆಕ್ಕ ಇತ್ತೋ ನನಗೆ ಒಂದೂ ನೆನಪಿಲ್ಲ. ಮೇಷ್ಟ್ರು ಕಟ್ಟಿದ ಲೆಕ್ಕಗಳು ನೆನಪಿವೆ. ಕೆಮ್ಮಣ್ಣುಗುಂಡಿಯಿಂದ ಅದಿರು ರೋಪ್‌ವೇ ತೊಟ್ಟಿಗಳಲ್ಲಿ ಬೆಟ್ಟ ಇಳಿದು ಬರುತ್ತಿತ್ತಲ್ಲ, ನಿಮಿಷಕ್ಕೆ ಇಷ್ಟು ತೊಟ್ಟಿ, ಒಂದು ಶಿಫ್ಟಿಗೆ ಎಷ್ಟು ಅಂತ ಕೇಳುತ್ತಿದ್ದರು. ಲಕ್ಕವಳ್ಳಿ ಡ್ಯಾಂನಿಂದ ಚಾನಲ್‌ಗೆ ನೀರು ಬಿಟ್ಟರೆ ನಮ್ಮ ಊರಿಗೆ ಯಾವಾಗ ಮುಟ್ಟುತ್ತೆ ಅಂತ ಕೇಳುತ್ತಿದ್ದರು. ಭದ್ರಾವತಿಯಲ್ಲೇ ಹುಟ್ಟಿದ ಜಿ.ಆರ್. ವಿಶ್ವನಾಥ್ ಅಂದರೆ ಆಗ ನಮಗೆಲ್ಲ ಪ್ರಾಣ. ಅವರ ರನ್ ಸರಾಸರಿ ತೆಗೆಯುವುದು ಅಂದರೆ ದಡ್ಡರೂ ಕೈ ಎತ್ತುತ್ತಿದ್ದರು. ಉತ್ತರಕ್ಕೆ ಬರೀ ಅಂಕಿ ಬರೆದರೆ ಮಾತ್ರ ಮೇಷ್ಟ್ರಿಗೆ ಆಗುತ್ತಿರಲಿಲ್ಲ. ‘ಹದಿನೆಂಟು ಅಂತ ಬರ್ದಿದ್ದೀಯ. ಹದಿನೆಂಟು ಏನಯ್ಯ? ಹಲಸಿನ ಹಣ್ಣಾ?’

ಇನ್ನು ಹಳಿ ತುಂಡಿನ ವಿಷಯ. ಇಷ್ಟು ವರ್ಷ ಇದನ್ನು ಎಲ್ಲೂ ಬರೆದಿಲ್ಲ.

ನಮ್ಮ ಶಾಲೆಗೆ ಕಂಚಿನ ಗಂಟೆ ಇರಲಿಲ್ಲ. ಹುಣಸೆ ಮರದ ಕೊಂಬೆಗೆ ಎರಡು ಅಡಿ ಉದ್ದದ ರೈಲು ಹಳಿಯ ತುಂಡೊಂದನ್ನು ಸರಪಳಿ ಹಾಕಿ ನೇತುಬಿಟ್ಟಿದ್ದರು. ಹಳಿಗಳನ್ನು ಜೋಡಿಸುವಾಗ ಬೋಲ್ಟ್ ಹಾಕುವ ತೂತು ಅದರ ಒಂದು ತುದಿಯಲ್ಲಿತ್ತು. ಸರಪಳಿ ಹಾಯಿಸಿದ್ದು ಆ ತೂತಿನಲ್ಲೇ. ಪಕ್ಕದಲ್ಲಿ 60 ಅಂತ ಉಬ್ಬಿದ ಅಂಕಿ. ಜವಾನ ದಿನಾ ಬಡಿದು ಬಡಿದು ನಡುವೆ ಒಂದು ಕಡೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಉಳಿದ ಕಡೆಯೆಲ್ಲ ತುಕ್ಕು.

1979, ನಾವು ಒಂಬತ್ತನೇ ಕ್ಲಾಸು. ಅರ್ಧ ವಾರ್ಷಿಕ ಪರೀಕ್ಷೆ. ಲೆಕ್ಕದ ಪತ್ರಿಕೆ ಮಧ್ಯಾಹ್ನ ಎರಡಕ್ಕೆ. ನಮ್ಮ ಬೆಂಚಿನ ಮೂವರೂ ಓದಿರಲಿಲ್ಲ. ಗಂಟೆ ಬಡಿಯದೆ ಪರೀಕ್ಷೆ ಹೇಗೆ ಶುರು ಮಾಡ್ತಾರೆ ಅನ್ನುವುದು ನಮ್ಮ ಯೋಚನೆ. ಜವಾನ ಊಟಕ್ಕೆ ಹೋದ ಹೊತ್ತು ನೋಡಿಕೊಂಡು ಒಬ್ಬ ಮರ ಹತ್ತಿ ಕೊಕ್ಕೆಯಿಂದ ಸರಪಳಿ ಬಿಡಿಸಿದ. ಕೆಳಗೆ ಇಬ್ಬರು ಹಿಡಿದುಕೊಂಡೆವು. ಸದ್ದಾಗಬಾರದು ಅಂತ ಗೋಣಿಚೀಲದಲ್ಲಿ ಸುತ್ತಿ, ಸರದಿಯ ಮೇಲೆ ಹೊತ್ತು, ಶಾಲೆಯ ಹಿಂದಿನ ಚಾನಲ್ ಏರಿಯ ಪೊದೆಯಲ್ಲಿ ಇಟ್ಟು ಬಂದೆವು. ಕೈಗೆಲ್ಲ ತುಕ್ಕಿನ ವಾಸನೆ. ಚಾನಲ್ ನೀರಿನಲ್ಲಿ ತೊಳೆದರೂ ಹೋಗಲಿಲ್ಲ.

ಎರಡು ಗಂಟೆ ಆಯಿತು. ಕಾರ್ಖಾನೆಯ ಸೈರನ್ ಕೂಗಿತು. ಹುಟ್ಟಿದಾಗಿನಿಂದ ದಿನಾ ಕೇಳಿದ ಸೈರನ್ನು, ನಮಗೆ ಆ ಸಂಗತಿ ಹೊಳೆದೇ ಇರಲಿಲ್ಲ! ಮೇಷ್ಟ್ರು ಜೇಬಿನಿಂದ ವಾಚು ತೆಗೆದು ನೋಡಿ, ‘ಹೂಂ, ಬರೀರಿ’ ಅಂದರು. ಎಲ್ಲರಿಗೂ ಪತ್ರಿಕೆ ಹಂಚಿದ ಮೇಲೆ ಬೋರ್ಡಿನಲ್ಲಿ ಒಂದು ಲೆಕ್ಕ ಜಾಸ್ತಿ ಬರೆದರು. ‘ಒಂದು ಗಜಕ್ಕೆ 60 ಪೌಂಡ್ ತೂಗುವ ಹಳಿ. ಅದರ 2 ಅಡಿ ತುಂಡನ್ನು ಹುಡುಗರು ಸಮನಾಗಿ ಹೊತ್ತರೆ ಒಬ್ಬೊಬ್ಬರ ಪಾಲಿಗೆ ಎಷ್ಟು ಕೆ.ಜಿ.? 1 ಕೆ.ಜಿ.ಗೆ 2.2 ಪೌಂಡ್.’

ಹಳಿಯ ಮೇಲಿನ 60 ಏನು ಅಂತ ನನಗೆ ಅವತ್ತೇ ಗೊತ್ತಾಗಿದ್ದು. ಖುಷಿಯಲ್ಲಿ ಬರೆದೇಬಿಟ್ಟೆ. ಗಜಕ್ಕೆ ಮೂರು ಅಡಿ, ಎರಡು ಅಡಿಗೆ 40 ಪೌಂಡ್, ಅಂದರೆ 18.18 ಕೆ.ಜಿ. ಮೂವರಿಗೆ ಹಂಚಿದರೆ ತಲಾ 6.06 ಕೆ.ಜಿ. ಯೂನಿಟ್ ಕೂಡ ಮರೆಯದೆ ಬರೆದೆ.

ಎಷ್ಟು ಹುಡುಗರು ಅಂತ ಬೋರ್ಡಿನಲ್ಲಿ ಎಲ್ಲೂ ಇರಲಿಲ್ಲ.

ಸಂಜೆ ಸ್ಟಾಫ್ ರೂಮಿಗೆ ಕರೆದರು. ಬೆತ್ತ ಇರಲಿಲ್ಲ. ನನ್ನ ಉತ್ತರ ಪತ್ರಿಕೆ ಮುಂದಿತ್ತು. ‘ಕ್ಲಾಸಿನವರೆಲ್ಲ ಎಷ್ಟು ಜನ ಅಂತ ಕೊಟ್ಟಿಲ್ಲ ಸಾರ್ ಅಂತ ಬರ್ದಿದ್ದಾರೆ. ನಿನಗೆ ಮೂರು ಅಂತ ಯಾರು ಹೇಳಿದ್ರು?’ ನಾನು ತಲೆ ತಗ್ಗಿಸಿದೆ. ‘ಭಾಗಾಕಾರ ಸರಿಯಾಗಿದೆ. ಮೂರು ತಪ್ಪು. ನಾಲ್ಕು ಜನ ಹೊತ್ತಿದ್ದಾರೆ’ ಅಂದರು. ನನಗೆ ಅರ್ಥವಾಗಲಿಲ್ಲ. ಕಿಟಕಿಯ ಕಡೆ ನೋಡು ಅಂತ ಸನ್ನೆ ಮಾಡಿದರು. ಹುಣಸೆ ಮರದ ಬುಡದಲ್ಲಿ ಜವಾನ ಕೂತಿದ್ದ. ಟವೆಲ್ಲಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದ. ಶಾಲೆಯ ಸಾಮಾನು ಕಳೆದಿದ್ದಕ್ಕೆ ಸಂಬಳದಲ್ಲಿ ಹಿಡಿಯುತ್ತೇವೆ ಅಂತ ಅವನಿಗೆ ಹೇಳಿಯಾಗಿತ್ತು. ‘ಎಲ್ಲರಿಗಿಂತ ಜಾಸ್ತಿ ಭಾರ ಅವನ ಮೇಲೆ ಬಿದ್ದಿದೆ. ಕತ್ತಲಾಗೋದ್ರೊಳಗೆ ಇಳಿಸಿ’ ಅಂದು ಮೇಷ್ಟ್ರು ಬೇರೆ ಪತ್ರಿಕೆ ಎತ್ತಿಕೊಂಡರು.

ಓಡಿಹೋಗಿ ತಂದು ಕಟ್ಟಿದೆವು. ಜವಾನನ ಕಾಲು ಹಿಡಿದೆವು. ಅವನು ಬೈಯಲೂ ಇಲ್ಲ, ನಗಲೂ ಇಲ್ಲ. ಹಳಿಯನ್ನು ಒಂದು ಸಲ ಬಡಿದು, ಸದ್ದು ಸರಿಯಿದೆಯಾ ಅಂತ ಕೇಳಿಸಿಕೊಂಡು ಮನೆಗೆ ಹೋದ. ಆ ಲೆಕ್ಕಕ್ಕೆ ಮೇಷ್ಟ್ರು ನನಗೆ ಅರ್ಧ ಮಾರ್ಕು ಕಡಿಮೆ ಕೊಟ್ಟರು. ಮನೆಗೂ ಹೇಳಲಿಲ್ಲ, ಹೆಡ್‌ಮಾಸ್ಟರಿಗೂ ಹೇಳಲಿಲ್ಲ.

ಎಸ್ಸೆಸ್ಸೆಲ್ಸಿ ಆದ ಮೇಲೆ ನಾನು ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ ಸೇರಿದೆ. ಹೊರಡುವ ಮುಂಚೆ ಮೇಷ್ಟ್ರ ಮನೆಗೆ ಹೋಗಿದ್ದೆ. ‘ಅದು ನಮ್ಮೂರಿನ ದುಡ್ಡು ಕಣೋ, ಧೈರ್ಯವಾಗಿ ಹೋಗು’ ಅಂದರು. ವಿಶ್ವೇಶ್ವರಯ್ಯನವರು ನಮ್ಮ ಕಾರ್ಖಾನೆಯ ಆಡಳಿತ ನಡೆಸಿದ್ದಕ್ಕೆ ಬರಬೇಕಿದ್ದ ಸಂಭಾವನೆಯನ್ನು ತಾವು ತೆಗೆದುಕೊಳ್ಳದೆ, ಹುಡುಗರಿಗೆ ಕಸುಬು ಕಲಿಸುವ ಸಂಸ್ಥೆ ಮಾಡಿ ಅಂದರಂತೆ. ಅದಕ್ಕೆ ತಮ್ಮ ಹೆಸರೂ ಬೇಡ ಅಂದರಂತೆ. ಹಾಸ್ಟೆಲ್ಲಿನಲ್ಲಿ ಮನೆಯ ನೆನಪು ಬಂದಾಗಲೆಲ್ಲ ಆ ಮಾತು ನನಗೆ ಆಸರೆಯಾಯಿತು.

ಆಮೇಲೆ 34 ವರ್ಷ ನಾನು ಮಾಡಿದ್ದು ತೂಕದ ಕೆಲಸ. ಲಾರಿ ತೂಗುವ ವೇಬ್ರಿಡ್ಜ್ ಕೂರಿಸುವುದು, ತಪ್ಪಿದ್ದನ್ನು ಸರಿ ಮಾಡುವುದು. ಹೊಸಪೇಟೆಯಿಂದ ಗೋವಾದವರೆಗೆ ನಾನು ಕೂರಿಸಿದ ಕಾಟಾಗಳಿವೆ. ತೂಕ ತಪ್ಪಿತು ಅಂತ ಒಂದೂ ತಕರಾರು ಬಂದಿಲ್ಲ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. ಕಾಟಾ ಸರಿಯಿದೆಯಾ ಅಂತ ನೋಡಲು 20 ಕೆ.ಜಿ.ಯ ಬೀಡಿನ ತೂಕದ ಕಲ್ಲುಗಳನ್ನು ಎತ್ತಿ ಎತ್ತಿ ಇಡಬೇಕು. ಮೊದಲ ಸಲ ಎತ್ತಿದಾಗಲೇ ನನ್ನ ಕೈಗೆ ಗೊತ್ತಾಯಿತು: ನಮ್ಮ ಹಳಿಗಿಂತ ಸ್ವಲ್ಪ ಜಾಸ್ತಿ. ಕಾಟಾ ತಪ್ಪಿದರೆ ಕೊನೆಗೆ ಭಾರ ಬೀಳುವುದು ಲಾರಿ ಡ್ರೈವರ್ ಮೇಲೋ, ಕಬ್ಬು ತಂದ ರೈತನ ಮೇಲೋ. ಹುಣಸೆ ಮರದ ಬುಡದಲ್ಲಿ ಕೂತಿದ್ದವನನ್ನು ನಾನು ಯಾವ ಕಾಟಾದ ಹತ್ತಿರವೂ ಮರೆತಿಲ್ಲ.

ಈಗಿನ ಶಾಲೆಗಳನ್ನು ಬೈಯಬೇಕು ಅಂತಿಲ್ಲ. ನನ್ನ ಮೊಮ್ಮಗಳು ಐದನೇ ಕ್ಲಾಸು. ಜಾಣೆ. ಬೆಳಗ್ಗೆ ಏಳಕ್ಕೆ ವ್ಯಾನ್ ಹತ್ತಿದರೆ ಟ್ಯೂಷನ್ ಮುಗಿಸಿ ಬರುವುದು ಸಂಜೆ ಆರಕ್ಕೆ. ಗಣಿತದಲ್ಲಿ ನೂರಕ್ಕೆ ನೂರು. ಒಂದಿನ ಅಡುಗೆಮನೆಯ ಗ್ಯಾಸ್ ಸಿಲಿಂಡರ್ ಎಷ್ಟು ಭಾರ ಇರಬಹುದು ಪುಟ್ಟಿ ಅಂತ ಕೇಳಿದೆ. ಫೋನಿಗೆ ಕೈ ಹಾಕಿದಳು. ನೆಲದಲ್ಲಿ ಕೂರಿಸಿಕೊಂಡು ಸಿಲಿಂಡರಿನ ಮೇಲಿದ್ದ ಖಾಲಿ ತೂಕ ತೋರಿಸಿದೆ. ಒಳಗಿನ ಗ್ಯಾಸು 14.2 ಕೆ.ಜಿ., ಈಗ ಕೂಡು ಅಂದೆ. ಕೂಡಿದಳು. ಅವಳ ಮುಖ ಅರಳಿತು ನೋಡಿ! ಆಮೇಲೆ ವಾರವೆಲ್ಲ ಮನೆಯಲ್ಲಿ ಸಿಕ್ಕ ಡಬ್ಬಿ, ಬಾಟಲಿಗಳ ಮೇಲಿನ ಅಂಕಿಗಳನ್ನೆಲ್ಲ ಓದಿದಳು. ಮಕ್ಕಳಲ್ಲಿ ಕೊರತೆಯಿಲ್ಲ. ಅವರ ಮುಂದೆ ಒಂದು ಹಳಿ ತುಂಡು ಇಡುವಷ್ಟು ಬಿಡುವನ್ನು ಮೇಷ್ಟ್ರಿಗೂ ಕೊಟ್ಟಿಲ್ಲ, ಮಕ್ಕಳಿಗೂ ಕೊಟ್ಟಿಲ್ಲ. ಅಷ್ಟೇ ನನ್ನ ದೂರು.

ಕಳೆದ ತಿಂಗಳು ಶಾಲೆಯಲ್ಲಿ ಮೇಷ್ಟ್ರಿಗೆ ನುಡಿನಮನ ಇತ್ತು. ನಮ್ಮ ಬ್ಯಾಚಿನ 26 ಜನ ಸೇರಿದ್ದೆವು. ಸ್ಟೇಷನ್ನಿನಿಂದ ಬರುವಾಗ ಊರು ತುಂಬಾ ಸದ್ದಿಲ್ಲದೆ ಕಂಡಿತು. ಪೇಪರ್ ಮಿಲ್ 2015ರಲ್ಲೇ ನಿಂತಿತು. 2023ರಲ್ಲಿ ಕಬ್ಬಿಣದ ಕಾರ್ಖಾನೆಗೆ ನೂರು ವರ್ಷ ತುಂಬಿತು, ಅದನ್ನು ಮುಚ್ಚುವ ಸುದ್ದಿ ಬಂದದ್ದೂ ಅದೇ ವರ್ಷದ ಜನವರಿಯಲ್ಲಿ. ಅಪ್ಪ ಇದ್ದಿದ್ದರೆ ಹೇಗೆ ತಡೆದುಕೊಳ್ಳುತ್ತಿದ್ದರೋ. ನಮ್ಮ ಕ್ವಾರ್ಟರ್ಸಿನ ಮುಂದೆ ಐದು ನಿಮಿಷ ಆಟೋ ನಿಲ್ಲಿಸಿಕೊಂಡಿದ್ದೆ. ಬಾಗಿಲಿಗೆ ಬೀಗ. ಅಂಗಳದಲ್ಲಿ ಅಮ್ಮ ನೆಟ್ಟ ಪಾರಿಜಾತ ಹಾಗೇ ಇದೆ.

ಶಾಲೆಗೆ ಈಗ ಕರೆಂಟಿನ ಬೆಲ್ ಬಂದಿದೆ. ಹುಣಸೆ ಮರ ಇದೆ, ಕೊಂಬೆಯಲ್ಲಿ ಬರೀ ಕೊಕ್ಕೆ. ಸಭೆ ಮುಗಿದ ಮೇಲೆ ಕೊಯಮತ್ತೂರಿನಿಂದ ಬಂದಿದ್ದ ನನ್ನ ಗೆಳೆಯ ಏನೂ ಹೇಳದೆ ಹಿಂದಿನ ಸಾಮಾನು ಕೋಣೆಗೆ ನಡೆದ. ನಾನೂ ಹೋದೆ. ಮುರಿದ ಬೆಂಚುಗಳ ಕೆಳಗೆ ಅದು ಇತ್ತು. ಹೊಳೆಯುತ್ತಿದ್ದ ಜಾಗಕ್ಕೂ ತುಕ್ಕು ಹಿಡಿದಿತ್ತು. 60 ಮಾತ್ರ ಬೆರಳಿಗೆ ಸಿಕ್ಕಿತು. ಮೇಡಂ ಹತ್ತಿರ ಕೇಳಿದೆವು. ಧಾರಾಳವಾಗಿ ಕಟ್ಟಿ ಸಾರ್ ಅಂದರು.

ಅವತ್ತು ಮರ ಹತ್ತಿದ್ದವನು 2021ರಲ್ಲಿ ಕೊರೋನಾದಲ್ಲಿ ಹೋಗಿಬಿಟ್ಟ. ಹಾಗಾಗಿ ನಾವು ಇಬ್ಬರೇ. ಆ ಕಡೆ ಅವನು ಹಿಡಿದ, ಈ ಕಡೆ ನಾನು. ಮೈದಾನದ ನಡುವೆ ಒಂದು ಸಲ ಕೆಳಗಿಟ್ಟು ಸುಧಾರಿಸಿಕೊಂಡೆವು.

‘ತಲಾ ಎಷ್ಟೋ?’ ಅಂದ.

‘ಒಂಬತ್ತು’ ಅಂದೆ.

‘ಒಂಬತ್ತು ಏನು?’

‘9.09 ಕೆ.ಜಿ.’ ಅಂದೆ. ಮತ್ತೆ ಎತ್ತಿಕೊಂಡೆವು.