ಕಾವಲು: ಮಳೆ ಮಾಪಕದ ಹಿಂದಿರುವ ಸೂಪರ್‌ವೈಸರ್, ಮೇ ತಿಂಗಳವರೆಗಿನ ಕೆಲಸ

ಜೂನ್ ಹತ್ತಿರ ಬಂತು. ಡೊಂಬಿವಲಿಯ ನಮ್ಮ ಬಿಲ್ಡಿಂಗಿನ ಟೆರೇಸ್ ಮೇಲೆ ಮಳೆ ಮಾಪಕ ಕೂತಿದೆ, ಅದರ ವೈರು ಮನೆಯೊಳಗಿನ ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರಿಗೆ ಬಂದಿದೆ. ಪೈ ಮೇಲೆ ಸದಾ ಓಡುವುದು ಮೂರು ಪ್ರೋಗ್ರಾಮ್, ಅಂದರೆ ಸರ್ವಿಸ್: ಮಾಪಕದ ಪುಟ್ಟ ಬಟ್ಟಲು ಮಳೆನೀರು ತುಂಬಿ ಮಗುಚಿದ್ದನ್ನು ಎಣಿಸುವ ಕೌಂಟರ್, ಅದರ ಮೆಸೇಜ್ ಹಂಚುವ ಮಾಸ್ಕಿಟೋ ಬ್ರೋಕರ್, ಬಿಲ್ಡಿಂಗಿನವರು ಫೋನಿನಲ್ಲಿ ನೋಡುವ ಒಂದು ಪುಟ. ಈ ಮೂರನ್ನೂ ಕಾದು, ಸತ್ತರೆ ಮತ್ತೆ ಎಬ್ಬಿಸುವ ಸೂಪರ್‌ವೈಸರ್ ಆಗಿ ಸಿ ಭಾಷೆಯಲ್ಲಿ ಬರೆಯುತ್ತಿರುವ ಪುಟ್ಟ ಪ್ರೋಗ್ರಾಮೇ ‘ಕಾವಲು’.

ಸ್ವಂತ ಮಾಪಕ ಯಾಕೆ ಅಂದರೆ, 2005ರ ಜುಲೈ 26ರಂದು ಮುಂಬೈಯ ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ. ಮಳೆ ಸುರಿದಾಗ ಕೊಲಾಬಾದಲ್ಲಿ 75 ಮಿ.ಮೀ. ಕೂಡ ಆಗಿರಲಿಲ್ಲ. ಒಂದೇ ಊರು! ನಮ್ಮ ಓಣಿಯ ಮಳೆಯನ್ನು ನಾವೇ ಅಳೆಯಬೇಕು. ಮೂರನೇ ಮಹಡಿಯ ಶೆಟ್ರು ಕಾರು ತೆಗೆಯುವ ಮೊದಲು ‘ಎಷ್ಟು ಬಂತು ಮಾರಾಯ್ರೆ?’ ಅಂತ ಕೇಳಿದರೆ ನಾನು ಹೇಳುವ ಅಂಕಿ ಸರಿಯಾಗಿರಬೇಕು.

ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ನೋಡಿಕೊಳ್ಳಲು ಸಿಸ್ಟಮ್‌ಡಿ ಇರುವಾಗ ಇದೆಲ್ಲ ಬೇಕಾ? ಅದು ಈ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ. ಆದರೆ ನನ್ನ ಮನಸ್ಸು ಸೆಳೆದದ್ದು ಇದೇ ಕೆಲಸಕ್ಕೆ ಡ್ಯಾನಿಯಲ್ ಬರ್ನ್‌ಸ್ಟೈನ್ ಬರೆದ ಡೀಮನ್‌ಟೂಲ್ಸ್, ಅದರ ಹಾದಿಯಲ್ಲಿ ಬಂದ ರನ್‌ಇಟ್ ಮತ್ತು ಎಸ್6. ಸಣ್ಣ ಸಣ್ಣ ಪ್ರೋಗ್ರಾಮ್‌ಗಳು, ಒಂದೊಂದಕ್ಕೂ ಒಂದೇ ಕೆಲಸ. ಓದಿದರೆ ಅರ್ಥವಾಗುತ್ತವೆ.

ಸರ್ವಿಸ್ ಸತ್ತರೆ ತಿಳಿಯುವ ಭಾಗ ಮುಗಿದಿದೆ. ಹಳೇ ಪದ್ಧತಿಯಲ್ಲಿ ಪ್ರೋಸೆಸ್ (ಓಡುತ್ತಿರುವ ಪ್ರೋಗ್ರಾಮ್) ನಂಬರನ್ನು ಒಂದು ಫೈಲಿನಲ್ಲಿ ಬರೆದಿಟ್ಟು ಆಗಾಗ ನೋಡುತ್ತಿದ್ದರು. ಆ ಪ್ರೋಸೆಸ್ ಸತ್ತು ಅದೇ ನಂಬರ್ ಬೇರೆಯದಕ್ಕೆ ಸಿಕ್ಕಿಬಿಟ್ಟರೆ ಆ ಫೈಲು ಸುಳ್ಳು ಹೇಳುತ್ತದೆ. ಸೂಪರ್‌ವೈಸರ್ ತಾನೇ ಸರ್ವಿಸನ್ನು ಹುಟ್ಟಿಸಿದ ಪೇರೆಂಟ್ ಆಗಿದ್ದರೆ ಈ ತೊಂದರೆಯೇ ಇಲ್ಲ, ಚೈಲ್ಡ್ ಸತ್ತ ಕೂಡಲೇ ಲಿನಕ್ಸ್‌ನ ತಿರುಳಾದ ಕರ್ನಲ್ಲೇ ಸಿಗ್‌ಚೈಲ್ಡ್ ಅನ್ನುವ ಸಿಗ್ನಲ್ ಕಳಿಸುತ್ತದೆ. ಒಂದು ಎಚ್ಚರ ಬೇಕು: ಈ ಸಿಗ್ನಲ್‌ಗಳು ಸಾಲಾಗಿ ನಿಲ್ಲುವುದಿಲ್ಲ. ಎರಡು ಸರ್ವಿಸ್ ಒಟ್ಟಿಗೇ ಸತ್ತರೆ ಬರುವುದು ಒಂದೇ ಸಿಗ್ನಲ್ ಇರಬಹುದು. ಹಾಗಾಗಿ ಸತ್ತವರು ಇನ್ನು ಯಾರೂ ಉಳಿದಿಲ್ಲ ಅನ್ನುವವರೆಗೆ, ಸತ್ತದ್ದು ಯಾರು ಅಂತ ಕರ್ನಲ್ಲನ್ನು ಕೇಳುವ ವೇಟ್‌ಪಿಡ್ ಲೂಪ್ ತಿರುಗಬೇಕು. ಲಿನಕ್ಸ್ 5.3ರಿಂದ (2019) ಪಿಡ್‌ಎಫ್‌ಡಿ ಇದೆ, ಪ್ರೋಸೆಸನ್ನೇ ತೆರೆದ ಫೈಲಿನಂತೆ ಹಿಡಿದು, ಅದು ಸತ್ತದ್ದನ್ನು ನೇರ ಪೋಲ್ (ಫೈಲುಗಳಲ್ಲಿ ಏನಾದರೂ ಆಗುವವರೆಗೆ ಕಾಯುವ) ಕರೆಯಲ್ಲೇ ತಿಳಿಯಬಹುದು. ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಆದ ಫ್ರೀಬಿಎಸ್‌ಡಿಯವರಿಗೆ ಈ ಸುಖ 2000ದಿಂದಲೇ ಇದೆ, ಕೆಕ್ಯೂ ರೂಪದಲ್ಲಿ. ರೀಸ್ಟಾರ್ಟ್‌ಗೆ ಮುಂಚೆ ಒಂದು ಸೆಕೆಂಡ್ ಬಿಡುವು ಕೊಟ್ಟಿದ್ದೇನೆ, ಇಲ್ಲವಾದರೆ ಕೆಟ್ಟ ಸರ್ವಿಸ್ ಒಂದೇ ಸಮನೆ ಎದ್ದು ಬಿದ್ದು ಸಿಪಿಯು ತಿಂದುಬಿಡುತ್ತದೆ.

ಎದ್ದಿದೆ ಅನ್ನುವುದು ಬೇರೆ, ತಯಾರಾಗಿದೆ ಅನ್ನುವುದು ಬೇರೆ. ಮಾಟುಂಗಾದ ಉಡುಪಿ ಹೋಟೆಲಿನ ಶಟರ್ ಎತ್ತಿದ ಮಾತ್ರಕ್ಕೆ ಇಡ್ಲಿ ಬೆಂದಿರುತ್ತದಾ? ಬ್ರೋಕರ್ ಶುರುವಾದ ಕೂಡಲೇ ಕೌಂಟರನ್ನೂ ಎಬ್ಬಿಸಿದರೆ ಅದರ ಮೊದಲ ಕೆಲವು ಮೆಸೇಜು ಯಾರಿಗೂ ತಲುಪುವುದಿಲ್ಲ. ಪ್ರೋಸೆಸ್ ಹುಟ್ಟಿದ್ದು ಪೇರೆಂಟ್‌ಗೆ ಗೊತ್ತು. ತಯಾರಾದದ್ದು ಆ ಪ್ರೋಸೆಸ್‌ಗೆ ಮಾತ್ರ ಗೊತ್ತು, ಅದೇ ಬಾಯಿಬಿಟ್ಟು ಹೇಳಬೇಕು. ಎಸ್6ನ ರೀತಿ ತುಂಬ ಸರಳ: ಸೂಪರ್‌ವೈಸರ್ ಒಂದು ಪೈಪ್ (ಒಂದು ತುದಿಯಲ್ಲಿ ಬರೆದದ್ದನ್ನು ಇನ್ನೊಂದು ತುದಿಯಲ್ಲಿ ಓದುವ ದಾರಿ) ಕೊಟ್ಟಿರುತ್ತದೆ, ತಯಾರಾದಾಗ ಸರ್ವಿಸ್ ಅದರಲ್ಲಿ ಒಂದು ನ್ಯೂಲೈನ್ ಅಕ್ಷರ ಬರೆಯುತ್ತದೆ. ಲೈಬ್ರರಿ ಬೇಡ, ಸಾಕೆಟ್ ಬೇಡ. ಕೌಂಟರ್‌ಗೆ ಇದನ್ನು ಸೇರಿಸಿದ್ದೇನೆ. ಮಾಸ್ಕಿಟೋಗೆ ಈ ಪೈಪಿನ ಪರಿಚಯವಿಲ್ಲ, ಅದಕ್ಕಾಗಿ ಪಕ್ಕದಲ್ಲೊಂದು ಸ್ಕ್ರಿಪ್ಟ್ ಅದು ಮೆಸೇಜ್ ಪಡೆಯುವ 1883ನೇ ಪೋರ್ಟ್ ತಟ್ಟಿ ನೋಡಿ ಅದರ ಪರವಾಗಿ ಬರೆಯುತ್ತದೆ.

ಈ ತಿಂಗಳು ಜಾಸ್ತಿ ಹೊತ್ತು ಹೋದದ್ದು, ಖುಷಿ ಕೊಟ್ಟದ್ದೂ, ಸುದ್ದಿ ಹಂಚುವ ಭಾಗ. ಬ್ರೋಕರ್ ತಯಾರಾಯಿತು ಅಂತ ಕೌಂಟರ್‌ಗೂ ಪುಟಕ್ಕೂ ತಿಳಿಯಬೇಕು. ಸೆಕೆಂಡಿಗೊಮ್ಮೆ ಹೋಗಿ ವಿಚಾರಿಸುವುದು ನನಗೆ ಬೇಡ. ಇದಕ್ಕೂ ಎಸ್6ನ ಉಪಾಯವನ್ನೇ ತಂದಿದ್ದೇನೆ. ಸರ್ವಿಸ್‌ಗೆ ಒಂದು ‘ಈವೆಂಟ್’ ಡೈರೆಕ್ಟರಿ ಇರುತ್ತದೆ. ಸುದ್ದಿ ಬೇಕಾದವರು ಅದರಲ್ಲಿ ತಮ್ಮದೊಂದು ಫಿಫೋ (ಫೈಲಿನಂತೆ ಹೆಸರಿರುವ ಪೈಪ್) ಮಾಡಿಟ್ಟು ಕಾಯುತ್ತಾರೆ. ಏನಾದರೂ ನಡೆದಾಗ ಸೂಪರ್‌ವೈಸರ್ ಅಲ್ಲಿರುವ ಪ್ರತಿ ಫಿಫೋಗೂ ಒಂದೊಂದು ಅಕ್ಷರ ಬರೆಯುತ್ತದೆ: ಎದ್ದರೆ ಸಣ್ಣ ಯು, ತಯಾರಾದರೆ ದೊಡ್ಡ ಯು, ಸತ್ತರೆ ಸಣ್ಣ ಡಿ. ಕಾಯುತ್ತಿದ್ದವನು ನಡುವೆ ಸತ್ತರೂ ಸೂಪರ್‌ವೈಸರ್ ಸಿಕ್ಕಿಬೀಳುವುದಿಲ್ಲ. ನಾನ್‌ಬ್ಲಾಕ್ (ಕಾಯದೆ ಕೂಡಲೇ ಉತ್ತರ ಕೊಡು ಅನ್ನುವ ಆಯ್ಕೆ) ಹಾಕಿ ಬರೆಯಲು ಫಿಫೋ ತೆರೆದರೆ, ಓದುವವನಿಲ್ಲದಾಗ ಇಎನ್‌ಎಕ್ಸ್‌ಐಒ ಅನ್ನುವ ಎರರ್ ಬರುತ್ತದೆ. ಬಂದರೆ ಆ ಫಿಫೋ ಅಳಿಸಿದರಾಯಿತು. ಮೆಸೇಜ್ ಬಸ್ ಬೇಡ, ಹಿನ್ನೆಲೆಯಲ್ಲಿ ಓಡುವ ಬೇರೆ ಡೀಮನ್ ಬೇಡ, ಫೈಲ್ ಸಿಸ್ಟಮ್ಮೇ ಸಾಕು. ಎಷ್ಟು ಚಂದ ಅಲ್ವಾ!

ಇಲ್ಲಿ ಕ್ರಮ ಮುಖ್ಯ. ಮೊದಲು ಫಿಫೋ ಇಡಬೇಕು, ಆಮೇಲೆ ಸರ್ವಿಸ್‌ನ ಈಗಿನ ಸ್ಥಿತಿ ನೋಡಬೇಕು, ತಯಾರಿಲ್ಲ ಅಂದರೆ ಮಾತ್ರ ಕಾಯಬೇಕು. ಮೊದಲು ಸ್ಥಿತಿ ನೋಡಿ ಆಮೇಲೆ ಫಿಫೋ ಇಟ್ಟರೆ, ಆ ಎರಡರ ನಡುವೆಯೇ ಸುದ್ದಿ ಬಂದು ಹೋಗಬಹುದು. ಆಗ ಕೌಂಟರ್ ಸುಮ್ನೆ ಕಾಯುತ್ತಲೇ ಇರುತ್ತದೆ.

ಇನ್ನು ಉಳಿದದ್ದು ಕೌಂಟರ್ ಸತ್ತು ಎದ್ದೇಳುವ ಆ ಒಂದು ಸೆಕೆಂಡ್. ಅಷ್ಟರಲ್ಲಿ ಬಟ್ಟಲು ಮಗುಚಿದರೆ ಎಣಿಸುವವರು ಯಾರು? ಡೀಮನ್‌ಟೂಲ್ಸ್‌ನಲ್ಲಿ ಸರ್ವಿಸ್ ಮತ್ತು ಅದರ ದಾಖಲೆ ಬರೆಯುವ ಲಾಗರ್ ನಡುವಿನ ಪೈಪನ್ನು ಎಸ್‌ವಿಸ್ಕ್ಯಾನ್ ಅನ್ನುವ ಮೇಲಿನ ಪ್ರೋಗ್ರಾಮ್ ತಾನೇ ಹಿಡಿದಿರುತ್ತದೆ, ಯಾವ ತುದಿ ಸತ್ತರೂ ಪೈಪ್ ಒಡೆಯುವುದಿಲ್ಲ. ಇಲ್ಲೂ ಹಾಗೇ ಮಾಡುತ್ತೇನೆ. ಮಾಪಕದ ವೈರು ಸೇರುವ ಪಿನ್ನನ್ನು, ಅಂದರೆ ಜಿಪಿಐಒ ಲೈನನ್ನು, ಕಾವಲು ತೆರೆದು ಹಿಡಿದಿರಲಿ, ಕೌಂಟರ್‌ಗೆ ಅದು ಬಳುವಳಿಯಾಗಿ ಹೋಗಲಿ. ಒಂದು ಲೈನಿಗೆ ಮಾಮೂಲಿಯಾಗಿ 16 ಈವೆಂಟ್‌ಗಳನ್ನು ಕರ್ನಲ್ ಸಾಲಿನಲ್ಲಿ ಇಟ್ಟುಕೊಳ್ಳುತ್ತದೆ. ನನ್ನ ಬಟ್ಟಲು 0.2 ಮಿ.ಮೀ.ಗೆ ಒಮ್ಮೆ ಮಗುಚುತ್ತದೆ. ಗಂಟೆಗೆ 100 ಮಿ.ಮೀ. ಸುರಿದರೂ ಸುಮಾರು ಏಳು ಸೆಕೆಂಡಿಗೆ ಒಂದು, ಅಂದರೆ ಹೆಚ್ಚುಕಡಿಮೆ ಎರಡು ನಿಮಿಷದ ಮಳೆ ಆ ಸಾಲಿನಲ್ಲಿ ಹಿಡಿಸುತ್ತದೆ. ಒಂದು ಸೆಕೆಂಡಿಗೆ ಧಾರಾಳ. ಈ ಕೋಡ್ ಅರ್ಧ ಆಗಿದೆ. ಬರುವ ಭಾನುವಾರ ಟೆರೇಸಿಗೆ ಹೋಗಿ ಮಾಪಕಕ್ಕೆ ಅಳೆದ ನೀರು ಸುರಿಯುತ್ತಾ, ಕೆಳಗೆ ಕೌಂಟರನ್ನು ಕಿಲ್ ಮಾಡಿಸಿ, ಲೆಕ್ಕ ತಾಳೆ ಹಾಕಬೇಕು.