ಇವ್ಯಾಲ್ಯುಯೇಷನ್ ಕಾಲಂ ಕೊನೆಗೆ ನೋಡಿ

2023ರ ಜೂನ್ 15ರಂದು ಫ್ರೆಂಚ್ ಬಾಸ್ಕೆಟ್‌ಬಾಲ್ ಲೀಗ್ ಫೈನಲ್‌ನ ಮೂರನೇ ಪಂದ್ಯ ನಡೆದದ್ದು ರೋಲಾಂ ಗ್ಯಾರೋಸ್‌ನಲ್ಲಿ. ಹೌದು, ಟೆನಿಸ್‌ನ ಅದೇ ರೋಲಾಂ ಗ್ಯಾರೋಸ್. ಕೇವಲ ನಾಲ್ಕು ದಿನದ ಹಿಂದೆ ಜೋಕೊವಿಚ್ ಅಲ್ಲೇ ಕಪ್ ಎತ್ತಿದ್ದರು. 19ರ ಹುಡುಗ ವಿಕ್ಟರ್ ವೆಂಬನ್ಯಾಮಾ ಆಟ ನೋಡಲು ಬರುವ ಜನಕ್ಕೆ, ಅವರ ತಂಡ ಮೆಟ್ರೊಪಾಲಿಟನ್ಸ್ 92ಗೆ ಪ್ಯಾರಿಸ್ ಪಕ್ಕದ ಲೆವಲ್ವಾದಲ್ಲಿದ್ದ ಹಾಲ್ ಎಲ್ಲಿ ಸಾಲುತ್ತೆ? ಆ ರಾತ್ರಿ ಮೊನಾಕೊ 92–85ರಿಂದ ಗೆದ್ದಿತು, ಸರಣಿ 3–0 ಆಯಿತು, ಮೊನಾಕೊಗೆ ಮೊದಲ ಲೀಗ್ ಪ್ರಶಸ್ತಿಯೂ ಬಂತು. ವೆಂಬನ್ಯಾಮಾ ಹೆಸರಿನ ಮುಂದೆ 22 ಪಾಯಿಂಟ್, 7 ರೀಬೌಂಡ್ (ತಪ್ಪಿದ ಶಾಟ್‌ನ ಚೆಂಡು ಹಿಡಿದದ್ದು), 4 ಬ್ಲಾಕ್ (ಎದುರಾಳಿಯ ಶಾಟ್ ತಡೆದದ್ದು).

ಇಷ್ಟು ಓದಿ "ಪಾಪ, ಹುಡುಗ ಎಲ್ಲಾ ಮಾಡಿದ, ಉಳಿದವರು ಕೈಕೊಟ್ಟರು" ಅಂತ ಹೇಳುವವರು ಜಾಸ್ತಿ. ಸ್ಕೋರ್‌ಶೀಟ್‌ನಲ್ಲಿ ಒಂದೇ ಸಾಲು ಓದಿದರೆ ಹಾಗೇ ಅನಿಸುತ್ತದೆ. ಫ್ರೆಂಚ್ ಲೀಗ್‌ನಲ್ಲಿ ಹೀಗೆ ಓದುವ ಅಭ್ಯಾಸಕ್ಕೆ ಒಂದು ಕಾಲಂ ತುಂಬಾ ಸಹಾಯ ಮಾಡುತ್ತದೆ, ಅದೇ ಇವ್ಯಾಲ್ಯುಯೇಷನ್. ನನ್ನ ತಕರಾರು ಇರುವುದು ಅದರ ಮೇಲೆ.

ಲೆಕ್ಕ ಸುಲಭ. ಪಾಯಿಂಟ್, ರೀಬೌಂಡ್, ಅಸಿಸ್ಟ್ (ಬುಟ್ಟಿಗೆ ಬಿದ್ದ ಶಾಟ್‌ಗೆ ಕೊಟ್ಟ ಪಾಸ್), ಸ್ಟೀಲ್ (ಎದುರಾಳಿಯಿಂದ ಕಸಿದ ಚೆಂಡು), ಬ್ಲಾಕ್ ಎಲ್ಲಾ ಕೂಡಿಸಿ. ಅದರಿಂದ ತಪ್ಪಿದ ಶಾಟ್, ತಪ್ಪಿದ ಫ್ರೀ ಥ್ರೋ, ಟರ್ನೋವರ್ (ಎದುರಾಳಿಗೆ ಚೆಂಡು ಕಳೆದುಕೊಂಡದ್ದು) ಕಳೆಯಿರಿ. ಬಂದ ಸಂಖ್ಯೆಯೇ ಆ ಆಟಗಾರನ ಇವ್ಯಾಲ್ಯುಯೇಷನ್. ಒಬ್ಬ 20 ಪಾಯಿಂಟ್ ಹೊಡೆದ, 6 ರೀಬೌಂಡ್, 2 ಅಸಿಸ್ಟ್ ಮಾಡಿದ, ಆದರೆ 12 ಶಾಟ್, 2 ಫ್ರೀ ಥ್ರೋ ತಪ್ಪಿಸಿದ, 4 ಸಲ ಚೆಂಡು ಕಳೆದುಕೊಂಡ ಅಂದುಕೊಳ್ಳಿ. ಅವನಿಗೆ 28ರಲ್ಲಿ 18 ಹೋಗಿ 10. ಇನ್ನೊಬ್ಬ ಬರೀ 9 ಪಾಯಿಂಟ್, 7 ರೀಬೌಂಡ್, 4 ಅಸಿಸ್ಟ್, 1 ಸ್ಟೀಲ್ ಮಾಡಿ, 2 ಶಾಟ್ ತಪ್ಪಿಸಿ, ಒಂದು ಸಲ ಚೆಂಡು ಕಳೆದುಕೊಂಡರೆ ಅವನಿಗೆ 18. ಇಲ್ಲಿಯವರೆಗೆ ಒಳ್ಳೆಯದೇ, ಬರೀ ಪಾಯಿಂಟ್ ನೋಡುವುದಕ್ಕಿಂತ ಎಷ್ಟೋ ಮೇಲು.

ತೊಂದರೆ ಶಾಟ್‌ಗಳ ಲೆಕ್ಕದಲ್ಲಿ. ತಪ್ಪಿದ ಶಾಟ್‌ಗೆ ಕಳೆಯುವುದು ಒಂದೇ ಒಂದು. ಮೂರು ಪಾಯಿಂಟ್‌ನ ಶಾಟ್ ನಾಲ್ಕು ಸಲ ಎಸೆದು ಒಂದು ಬಿದ್ದರೆ +3, ಮೂರು ತಪ್ಪಿದ್ದಕ್ಕೆ −3, ಒಟ್ಟು ಸೊನ್ನೆ. ಅಂದರೆ 25 ಪರ್ಸೆಂಟ್ ದಾಟಿದ ಮೇಲೆ ಎಷ್ಟು ಎಸೆದರೂ ಇವ್ಯಾಲ್ಯುಯೇಷನ್ ಏರುತ್ತಲೇ ಹೋಗುತ್ತದೆ! ಎರಡು ಪಾಯಿಂಟ್ ಶಾಟ್‌ಗೆ ಆ ಗೆರೆ 33 ಪರ್ಸೆಂಟ್. ಆದರೆ ತಂಡದ ಕಡೆಯಿಂದ ನೋಡಿ: ಮೂರು ಎಸೆತಕ್ಕೆ ಎರಡು ಪಾಯಿಂಟ್ ಬಂದರೆ ಯಾವ ತಂಡವೂ ಗೆಲ್ಲುವುದಿಲ್ಲ. ಒಳ್ಳೆಯ ತಂಡಕ್ಕೆ ಒಂದು ಪೊಸೆಷನ್‌ಗೆ, ಅಂದರೆ ಚೆಂಡು ಕೈಗೆ ಬಂದ ಒಂದು ಸರದಿಗೆ, ಒಂದು ಪಾಯಿಂಟ್‌ಗಿಂತ ಜಾಸ್ತಿಯೇ ಬೇಕು.

ವೆಂಬನ್ಯಾಮಾದೇ ಉದಾಹರಣೆ ತಗೊಳ್ಳೋಣ. 2022–23ರ ಲೀಗ್ ಹಂತದಲ್ಲಿ 34 ಪಂದ್ಯ, ಪಂದ್ಯಕ್ಕೆ ಸರಾಸರಿ 21.6 ಪಾಯಿಂಟ್, 10.4 ರೀಬೌಂಡ್, 3 ಬ್ಲಾಕ್. ಆಗ ಅವರಿಗೆ 19 ವರ್ಷವಷ್ಟೇ. ಎನ್‌ಬಿಎ ಪಂದ್ಯ 48 ನಿಮಿಷ, ಇಲ್ಲಿ 40, ಅದರಲ್ಲಿ ಅವರು ಆಡುತ್ತಿದ್ದದ್ದು 32ರ ಆಸುಪಾಸು, ಹಾಗಾಗಿ ಈ 21.6 ನಿಜಕ್ಕೂ ದೊಡ್ಡದು. ಲೀಗ್‌ನ ಅತ್ಯುತ್ತಮ ಆಟಗಾರ ಪ್ರಶಸ್ತಿ ಸುಮ್ನೆ ಬರಲಿಲ್ಲ. ಆದರೆ ಅದೇ ಸೀಸನ್‌ನಲ್ಲಿ ಮೂರು ಪಾಯಿಂಟ್ ಶಾಟ್‌ನಲ್ಲಿ ಅವರದು 27.5 ಪರ್ಸೆಂಟ್. ನೂರು ಎಸೆತಕ್ಕೆ 82.5 ಪಾಯಿಂಟ್, ತಪ್ಪಿದ್ದು 72.5. ಇವ್ಯಾಲ್ಯುಯೇಷನ್ ಪ್ರಕಾರ ಹತ್ತು ಲಾಭ. ತಂಡದ ಪ್ರಕಾರ ಎಸೆತಕ್ಕೆ 0.825 ಪಾಯಿಂಟ್, ನಷ್ಟವೇ. ಅದೇ ಸೀಸನ್‌ನಲ್ಲಿ ತಾವೇ ದೂರದಿಂದ ಎಸೆದ ಚೆಂಡು ತಪ್ಪಿದಾಗ, ಓಡಿಬಂದು ಗಾಳಿಯಲ್ಲೇ ಹಿಡಿದು ಬುಟ್ಟಿಗೆ ತುರುಕಿದ ಆ ಡಂಕ್ ನೋಡಿದ್ದೀರಿ ಅಲ್ವಾ? ಶೀಟ್‌ನಲ್ಲಿ ಅದು ಒಂದು ತಪ್ಪು, ಒಂದು ಅಫೆನ್ಸಿವ್ ರೀಬೌಂಡ್ (ತಮ್ಮದೇ ತಂಡದ ತಪ್ಪಿದ ಶಾಟ್‌ನ ಚೆಂಡು ಹಿಡಿದದ್ದು), ಎರಡು ಪಾಯಿಂಟ್. ಒಟ್ಟು ಎರಡು. ಜಗತ್ತೆಲ್ಲಾ ನೋಡಿ ಬಾಯಿ ಬಿಟ್ಟದ್ದಕ್ಕೆ ಎರಡು!

ಅದಕ್ಕೇ ನಾನು ಮೊದಲು ನೋಡುವುದು ಶೀಟ್‌ನ ಕೆಳಗಡೆ ಇರುವ, ಇಡೀ ತಂಡದ ಮೊತ್ತದ ಸಾಲು. ಎರಡೂ ತಂಡ ಎಷ್ಟು ಶಾಟ್ ಎಸೆದವು? ಎಷ್ಟು ಸಲ ಚೆಂಡು ಕಳೆದುಕೊಂಡವು? ಶಾಟ್‌ಗಳು, ಫ್ರೀ ಥ್ರೋಗಳ 0.44 ಪಾಲು, ಟರ್ನೋವರ್ ಇವನ್ನು ಕೂಡಿಸಿ ಅಫೆನ್ಸಿವ್ ರೀಬೌಂಡ್ ಕಳೆದರೆ ತಂಡಕ್ಕೆ ಸಿಕ್ಕ ಪೊಸೆಷನ್‌ಗಳ ಅಂದಾಜು ಸಿಗುತ್ತದೆ. 40 ನಿಮಿಷದ ಆಟದಲ್ಲಿ ಅದು ಸಾಮಾನ್ಯವಾಗಿ 70ರ ಸುತ್ತಮುತ್ತ, ಎರಡೂ ತಂಡಕ್ಕೂ ಹೆಚ್ಚುಕಡಿಮೆ ಒಂದೇ. ಆ ರಾತ್ರಿಯ ಏಳು ಪಾಯಿಂಟ್ ಅಂತರ ಅಂದರೆ ಹತ್ತು ಪೊಸೆಷನ್‌ಗೆ ಒಂದೇ ಪಾಯಿಂಟ್ ವ್ಯತ್ಯಾಸ. ಮೂರ್ನಾಲ್ಕು ಟರ್ನೋವರ್, ಎರಡು ಅಫೆನ್ಸಿವ್ ರೀಬೌಂಡ್ ಆಚೀಚೆ ಆದರೆ ಅಷ್ಟು ಆಗಿಬಿಡುತ್ತದೆ. ರೀಬೌಂಡ್ ಕಾಲಂನಲ್ಲಿ ಯಾರ ಹೆಸರೂ ಇಲ್ಲದೆ ತಂಡದ ಹೆಸರಿಗೇ ಕೆಲವು ಇರುತ್ತವೆ, ಅವನ್ನೂ ಬಿಡಬೇಡಿ. ಶಾಟ್ ತಪ್ಪಿ ಚೆಂಡು ಗೆರೆ ದಾಟಿ ಹೊರಗೆ ಹೋದಾಗ ಹಾಗೆ ಬರೆಯುತ್ತಾರೆ.

ಡಿಫೆನ್ಸ್ ವಿಷಯಕ್ಕೆ ಬಂದರೆ ಶೀಟ್ ಇನ್ನೂ ಬಡವಾಗುತ್ತದೆ. 4 ಬ್ಲಾಕ್ ಕಾಣುತ್ತದೆ. ಬುಟ್ಟಿಯ ಹತ್ತಿರ ನುಗ್ಗಿದ ಗಾರ್ಡ್ ಎದುರಿಗೆ 2.24 ಮೀಟರ್ ಎತ್ತರದ ಮನುಷ್ಯನನ್ನು ನೋಡಿ ಶಾಟ್ ಹೊಡೆಯದೆ ಚೆಂಡನ್ನು ಹೊರಗೆ ಪಾಸ್ ಮಾಡಿದ್ದು ಯಾವ ಕಾಲಂನಲ್ಲೂ ಕಾಣುವುದಿಲ್ಲ. ಅದರ ಸುಳಿವು ಬೇಕಾದರೆ ಎದುರಾಳಿಯ ಎರಡು ಪಾಯಿಂಟ್ ಶಾಟ್‌ಗಳ ಸಾಲು ನೋಡಬೇಕು: ಎಷ್ಟು ಎಸೆದರು, ಎಷ್ಟು ಬಿತ್ತು. ಪ್ಲಸ್-ಮೈನಸ್ (ಆಟಗಾರ ಅಂಗಳದಲ್ಲಿದ್ದಾಗ ತಂಡ ಗಳಿಸಿದ್ದಕ್ಕೂ ಬಿಟ್ಟುಕೊಟ್ಟದ್ದಕ್ಕೂ ಇರುವ ಪಾಯಿಂಟ್ ಅಂತರ) ಇದೆಯಲ್ಲ ಅನ್ನುತ್ತೀರಿ. ಒಂದು ಪಂದ್ಯದ ಪ್ಲಸ್-ಮೈನಸ್ ನಂಬುವುದು ಕಷ್ಟ, ಜೊತೆಗೆ ಆಡಿದ ನಾಲ್ವರ ಅದೃಷ್ಟವೂ ಅದರೊಳಗೆ ಸೇರಿರುತ್ತದೆ.

ಇದೇ ತಂಡದ ಬಿಲಾಲ್ ಕುಲಿಬಾಲಿ ಸಾಲು ನೋಡಿದರೆ ವಿಷಯ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಲೀಗ್‌ನಲ್ಲಿ ಆ ವರ್ಷ ಪಂದ್ಯಕ್ಕೆ ಐದು ಚಿಲ್ಲರೆ ಪಾಯಿಂಟ್. ಇವ್ಯಾಲ್ಯುಯೇಷನ್ ಪಟ್ಟಿ ಮೇಲಿನಿಂದ ಓದುತ್ತಾ ಬಂದವರು ಅವರ ಹೆಸರು ತಲುಪುವಷ್ಟರಲ್ಲಿ ಪುಟ ಮುಚ್ಚಿರುತ್ತಾರೆ. ಆದರೆ ಎದುರಾಳಿಯ ಗಾರ್ಡ್‌ಗಳ ಬೆನ್ನು ಬಿಡದೆ ಕಾಯುತ್ತಿದ್ದ ಆ ಉದ್ದ ಕೈಯ ಹುಡುಗನನ್ನು ಸ್ಕೌಟ್‌ಗಳು ಸರಿಯಾಗಿ ಗುರುತಿಸಿದರು. ಫೈನಲ್ ಮುಗಿದ ಒಂದು ವಾರಕ್ಕೆ, ಜೂನ್ 22ರ ಎನ್‌ಬಿಎ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ದಿನ) ವೆಂಬನ್ಯಾಮಾ ಮೊದಲನೆಯವರಾಗಿ ಸ್ಯಾನ್ ಆಂಟೋನಿಯೊಗೆ ಹೋದರೆ, ಕುಲಿಬಾಲಿ ಏಳನೆಯವರಾಗಿ ಆಯ್ಕೆಯಾಗಿ ವಾಷಿಂಗ್ಟನ್ ಸೇರಿದರು. ಮುಂದಿನ ಸೀಸನ್‌ನಲ್ಲಿ ಮೆಟ್ರೊಪಾಲಿಟನ್ಸ್ ಲೀಗ್‌ನ ಕೊನೆಯ ಸ್ಥಾನಕ್ಕೆ ಬಿತ್ತು.